ಥರ್ಮಕೋಲ್ ಪೆಟ್ಟಿಗೆ ಹೊತ್ತ ಬೇಸಿಗೆ

ಹೋದ ವಾರ ನನ್ನ ಮೇಜಿಗೆ ಒಂದು ಲಾಗ್ ಬುಕ್ ಬಂತು. ನಮ್ಮ ಲ್ಯಾಬಿಗೆ ತರಬೇತಿಗೆ ಬಂದಿರುವ ಕಾವ್ಯಳದು. ಶಿವಮೊಗ್ಗದ ಪಕ್ಕದ ಸೋಗಾನೆಯ ಹುಡುಗಿ, ಲ್ಯಾಬ್ ಟೆಕ್ನಾಲಜಿಯ ಕೊನೆಯ ವರ್ಷದ ಟ್ರೈನಿಂಗ್‌ನಲ್ಲಿದ್ದಾಳೆ. ಟ್ರೈನಿಗಳು ವಾರಕ್ಕೊಂದು ಪುಟ ಬರೆಯಬೇಕೆಂಬುದು ನಿಯಮ. ಈ ವಾರ ಏನಾಯಿತು, ನನಗೆ ಏನನ್ನಿಸಿತು, ನಾನು ಮಾಡಿದ್ದರಲ್ಲಿ ಸರಿ ಯಾವುದು, ತಪ್ಪು ಯಾವುದು, ಮುಂದಿನ ಸಲ ಏನು ಮಾಡುತ್ತೇನೆ. ಪುಟದ ಕೊನೆಗೆ ಇನ್ನೊಂದು ಖಾನೆ: ಈ ವಾರ ನಾನು ನಾಯಕತ್ವ ತೋರಿದ ಸಂದರ್ಭ. ಲ್ಯಾಬಿನ ಇನ್‌ಚಾರ್ಜ್ ಅದನ್ನು ಓದಿ ಸೈನ್ ಹಾಕಬೇಕು. ಆ ಸೈನುಗಳೆಲ್ಲ ಇದ್ದರಷ್ಟೇ ಸರ್ಟಿಫಿಕೇಟು. ಈಗ ಆ ಇನ್‌ಚಾರ್ಜ್ ನಾನು.

ಪುಟ ತೆಗೆದೆ. 'ಈ ಬೇಸಿಗೆಯಲ್ಲಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ ರಕ್ತದ ಮಾದರಿಗಳ ಪೆಟ್ಟಿಗೆಯನ್ನು ಬಸ್ಸಿನಲ್ಲಿ ನಾನೇ ತರುತ್ತಿದ್ದೇನೆ' ಎಂದು ಶುರುವಾಗಿತ್ತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ನನ್ನ ಕಿವಿ ಬಿಸಿಯಾಯಿತು. ಮೂರನೇ ಸಾಲನ್ನು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ, ಯಾಕೆಂದರೆ ಅದನ್ನು ಬರೆದವಳು ನಾನು. ವರ್ಷಗಳ ಹಿಂದೆ, ಇನ್ನೊಂದು ಆಸ್ಪತ್ರೆಯಲ್ಲಿ ಟ್ರೈನಿಯಾಗಿದ್ದಾಗ ಬರೆದದ್ದು. ಕಾವ್ಯ ಸೋಗಾನೆಯಿಂದ ಸ್ಕೂಟಿಯಲ್ಲಿ ಬರುತ್ತಾಳೆ. ಭದ್ರಾವತಿ ಬಸ್ಸಿನ ಮೆಟ್ಟಿಲನ್ನೂ ಅವಳು ತುಳಿದಿಲ್ಲ.

ಸಿಟ್ಟು ನೆತ್ತಿಗೇರಿತು. ಅದರ ಹಿಂದೆಯೇ ಮೂಗಿಗೆ ಒದ್ದೆ ಥರ್ಮಕೋಲಿನ ವಾಸನೆ, ಸ್ಪಿರಿಟ್ಟಿನ ವಾಸನೆ ಬಂದ ಹಾಗಾಯಿತು. ಆ ಬೇಸಿಗೆಯ ಸಿಟ್ಟು ಇನ್ನೂ ಆರಿಲ್ಲ ನನಗೆ. ಆರಬಾರದು ಅಂತಲೇ ಇಟ್ಟುಕೊಂಡಿದ್ದೇನೆ ಅನ್ನಿ.

ಆಗ ನಾವು ಭದ್ರಾವತಿಯ ಜನ್ನಾಪುರದಲ್ಲಿದ್ದೆವು. ಅಮ್ಮ ಬಸ್‌ಸ್ಟಾಪಿನ ಪಕ್ಕ ಹೂವಿನ ವ್ಯಾಪಾರ ಮಾಡುತ್ತಿದ್ದಳು. ನನಗೆ ವ್ಯಾಪಾರದ ಮಾತು ಬಂದದ್ದು ಅವಳ ಬುಟ್ಟಿಯ ಪಕ್ಕದಲ್ಲಿ ಕೂತು. ಗಿರಾಕಿ ಹೂವನ್ನು ಬಿಟ್ಟು ಹೋಗುವ ಹಾಗೆ ನಾಟಕ ಮಾಡುತ್ತಾನೋ, ನಿಜವಾಗಿ ಹೋಗುತ್ತಾನೋ ಎಂಬುದನ್ನು ಅವನ ಪಾದ ನೋಡಿ ಹೇಳುತ್ತಿದ್ದೆ. ಓದಿನಲ್ಲೂ ಅದೇ ವಿದ್ಯೆ ನಡೆಯಿತು. ಬಿಳಿ ಕೋಟಿನಿಂದ ಹಿಡಿದು ಹಳೇ ಪುಸ್ತಕದವರೆಗೆ ಹೇಳಿದ ಬೆಲೆಗೆ ನಾನು ಯಾವುದನ್ನೂ ತಂದವಳಲ್ಲ. ಕಾಲೇಜಿನವರು ನನ್ನನ್ನು ದೂರದ ಊರಿನ ಆಸ್ಪತ್ರೆಗೆ ಹಾಕಿದಾಗ, ಅಲ್ಲಿಗೆ ಹೋಗಲು ತುದಿಗಾಲಲ್ಲಿದ್ದ ಇನ್ನೊಬ್ಬಳನ್ನು ಹುಡುಕಿ, ಅದಲುಬದಲು ಮಾಡಿಸಿಕೊಂಡು, ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿಗೆ ಬಂದು ಸೇರಿದೆ.

ಅಲ್ಲಿ ಟ್ರೈನಿ ಅಂದರೆ ಏನು ಅಂತ ಕೇಳಿ. ಕಲಿಯಲು ಬಂದವರು ಎಂದು ಕಾಗದದಲ್ಲಿತ್ತು. ಕೆಲಸದಲ್ಲಿ, ಟೆಕ್ನೀಷಿಯನ್‌ಗಳ ಸಂಖ್ಯೆ ಎಷ್ಟು ಕಡಿಮೆಯೋ ಅಷ್ಟನ್ನು ತುಂಬುವ ಜನ. ಟ್ಯೂಬಿಗೆ ಹೆಸರು ಅಂಟಿಸುವುದು ನಾವು, ರಿಪೋರ್ಟು ವಾರ್ಡಿಗೆ ಒಯ್ಯುವುದು ನಾವು, ತಪ್ಪಾದರೆ ಬೈಸಿಕೊಳ್ಳುವುದೂ ನಾವು. ಲಾಗ್ ಬುಕ್ಕಿನದು ಇನ್ನೊಂದು ಕಥೆ. ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಹಿಂದಿನ ಬ್ಯಾಚಿನವರ ಲಾಗ್ ಬುಕ್ ಬೈಂಡ್ ಆಗಿ ಸಿಗುತ್ತಿತ್ತು. ನಾವು ಎಂಟೂ ಜನ ಟ್ರೈನಿಗಳು ಅದನ್ನೇ ಕಾಪಿ ಹೊಡೆದೆವು. 'ಈ ವಾರ ರೋಗಿಗಳೊಂದಿಗೆ ನಗುಮುಖದಿಂದ ಮಾತನಾಡುವುದನ್ನು ಕಲಿತೆ.' ಇಡೀ ವಾರ ಒಳಗಿನ ಕೋಣೆಯಲ್ಲಿ ಮೆಷಿನ್ ಮುಂದೆ ಕೂತವಳೂ ಅದನ್ನೇ ಬರೆದಳು. ಮೆಷಿನ್ನಿಗೆ ನಕ್ಕಿರಬೇಕು. ಇನ್‌ಚಾರ್ಜ್ ನಾಗರಾಜ್ ಸರ್ ಎಂಟು ಪುಸ್ತಕಗಳನ್ನೂ ಒಂದರ ಮೇಲೊಂದು ಇಟ್ಟುಕೊಂಡು, ಫೋನಿನಲ್ಲಿ ಮಾತಾಡುತ್ತಲೇ ಸೈನ್ ಹಾಕಿ ತಳ್ಳುತ್ತಿದ್ದರು. ಬರೆದವರು ಯೋಚಿಸಿಲ್ಲ, ಓದಬೇಕಾದವರು ಓದಿಲ್ಲ. ಇದಕ್ಕೆ ಆತ್ಮಾವಲೋಕನ ಎಂದು ಹೆಸರು.

ಆ ಆಸ್ಪತ್ರೆಗೆ ಭದ್ರಾವತಿಯಲ್ಲಿ ಒಂದು ಕಲೆಕ್ಷನ್ ಸೆಂಟರ್ ಇತ್ತು. ಬೆಳಿಗ್ಗೆ ಅಲ್ಲಿ ರಕ್ತ ತೆಗೆದು ಶಿವಮೊಗ್ಗದ ಲ್ಯಾಬಿಗೆ ಕಳಿಸುತ್ತಿದ್ದರು. ಪೆಟ್ಟಿಗೆ ತರುತ್ತಿದ್ದವನು ಕೆಲಸ ಬಿಟ್ಟ. ಮಾರನೇ ದಿನವೇ ನಾಗರಾಜ್ ಸರ್ ನನ್ನನ್ನು ಕರೆದರು.

"ಮಂಜುಳಾ, ನೀನು ಹೇಗೂ ಜನ್ನಾಪುರದಿಂದ ಬರ್ತೀಯಲ್ಲ. ಸೆಂಟರಿಂದ ಬಾಕ್ಸ್ ತಗೊಂಡು ಬಂದ್ಬಿಡು."

"ಸರ್, ಅದು ಟ್ರೈನಿ ಕೆಲಸ ಅಲ್ವಲ್ಲ?"

"ಲೀಡರ್‌ಶಿಪ್ ಖಾನೆ ಖಾಲಿ ಇರುತ್ತಲ್ಲ, ಅಲ್ಲಿ ಬರ್ಕೋ."

ಈ 'ಹೇಗೂ' ಎಂಬ ಪದ ಎಲ್ಲಿ ಕೇಳಿಸಿದರೂ ಹುಷಾರಾಗಿರಿ ಎಂದು ನಾನು ಟ್ರೈನಿಗಳಿಗೆ ಹೇಳುತ್ತಿರುತ್ತೇನೆ. ಹೇಗೂ ಬರ್ತೀಯಲ್ಲ, ಹೇಗೂ ಕೂತಿದ್ದೀಯಲ್ಲ, ಹೇಗೂ ಕಲೀಬೇಕಲ್ಲ. ಆ ಪದದ ಹಿಂದೆ ಒಬ್ಬರ ಸಂಬಳದ ಕೆಲಸ ಬಿಟ್ಟಿಯಾಗಿ ನಿಮ್ಮ ಹೆಗಲಿಗೆ ಬರುತ್ತದೆ. ನಾನು ಚೌಕಾಸಿ ಮಾಡಿದೆ. ಪೆಟ್ಟಿಗೆ ತರುವವಳು ನಾನಾದರೆ ಮಧ್ಯಾಹ್ನ ನನ್ನನ್ನು ಪೊಟ್ಯಾಸಿಯಂ, ಸೋಡಿಯಂ ನೋಡುವ ಮೆಷಿನ್ನಿನಲ್ಲಿ ಕೂರಿಸಬೇಕು, ರಿಪೋರ್ಟು ಹಂಚಲು ಕಳಿಸಬಾರದು ಎಂದೆ. ಸರ್ ಒಪ್ಪಿದರು. ಗೆದ್ದೆ ಅಂದುಕೊಂಡೆ.

ಸೆಂಟರಿನಲ್ಲಿ ರಕ್ತ ತೆಗೆಯುತ್ತಿದ್ದವರು ಸಿದ್ದೇಶಣ್ಣ. ನಲವತ್ತರ ಮೇಲಿನ ವಯಸ್ಸು, ಎರಡು ಹೆಣ್ಣುಮಕ್ಕಳು. ಚುಚ್ಚಿದ್ದೇ ಗೊತ್ತಾಗದ ಕೈ. ಅವರ ಹತ್ತಿರ ಒಂದು ಸೆಂಟ್ರಿಫ್ಯೂಜ್ ಇತ್ತು. ಟ್ಯೂಬಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಅದರಲ್ಲಿಟ್ಟು ಗರಗರ ತಿರುಗಿಸಿದರೆ, ಕೆಂಪು ಕಣಗಳೆಲ್ಲ ಕೆಳಗೆ ಕೂತು, ಮೇಲೆ ತಿಳಿಹಳದಿ ನೀರು ನಿಲ್ಲುತ್ತದೆ. ನಾವು ಪರೀಕ್ಷೆ ಮಾಡುವುದು ಆ ನೀರನ್ನು. ಹಾಗೆ ಬೇರ್ಪಡಿಸಿ ಕಳಿಸಿದರೆ ರಕ್ತ ದಾರಿಯಲ್ಲಿ ಕೆಡುವುದಿಲ್ಲ. ಆದರೆ ಆ ಮೆಷಿನ್ನು ಶಿವರಾತ್ರಿಗೆ ಮುಂಚೆಯೇ ಕೈಕೊಟ್ಟಿತ್ತು.

"ಎಷ್ಟ್ ಸಲ ಹೇಳದಮ್ಮ," ಅನ್ನುತ್ತಿದ್ದರು ಸಿದ್ದೇಶಣ್ಣ. "ರಿಪೇರಿಯವ್ರು ಬರ್ತಾರೆ ಬರ್ತಾರೆ ಅಂತಾರೆ. ಅಲ್ಲೀವರೆಗೂ ತಿರುಗಿಸ್ದೇ ಹಂಗೇ ಕಳ್ಸಿ ಅಂತ ಸರ್ ಹೇಳಿದಾರೆ. ನಂದೇನಿದೆ, ಕಳಿಸ್ತೀನಿ."

ಬಿಸಿಲು ದಿನದಿನಕ್ಕೆ ಏರುತ್ತಿತ್ತು. ಸೆಂಟರಿನ ಪೆಟ್ಟಿಗೆಯಲ್ಲಿ ಎರಡು ತಣ್ಣನೆ ಜೆಲ್ ಪ್ಯಾಕು, ಅದರ ಮೇಲೆ ದಪ್ಪ ಬಟ್ಟೆ, ಬಟ್ಟೆಯ ಮೇಲೆ ಟ್ಯೂಬಿನ ಸ್ಟ್ಯಾಂಡು. ಮುಟ್ಟಿದರೆ ಟ್ಯೂಬು ಅಷ್ಟೇನೂ ತಣ್ಣಗಿರಲಿಲ್ಲ. ನನಗೆ ಅದು ಸರಿ ಕಾಣಲಿಲ್ಲ. ಅಮ್ಮನಿಗೆ ಮಲ್ಲಿಗೆ ಬರುತ್ತಿದ್ದದ್ದೂ ಥರ್ಮಕೋಲ್ ಪೆಟ್ಟಿಗೆಯಲ್ಲೇ. ಬೇಸಿಗೆಯಲ್ಲಿ ಪುಡಿ ಐಸಿನ ನಡುವೆ ಹುದುಗಿಸಿದ ಮೊಗ್ಗು ಸಂಜೆಯವರೆಗೂ ಬಾಯಿ ಬಿಡುತ್ತಿರಲಿಲ್ಲ.

"ಏನಣ್ಣ ಇದು, ಬಟ್ಟೆ ಹಾಸಿ ಮಲಗಿಸಿದೀರಾ ರಕ್ತಾನ?" ಅಂದೆ. "ಇಂಥಾ ಬಿಸ್ಲಲ್ಲಿ ಕೆಟ್ಟೋಗಲ್ವಾ? ಐಸ್ ಹಾಕಿ, ಅದರೊಳಗೆ ಇಡಿ. ಹೂವು ತಡೆಯುತ್ತೆ ಅಂದ್ಮೇಲೆ ರಕ್ತ ತಡೆಯಲ್ವಾ?"

"ಹಂಗೆ ಮಾಡಬೋದಾ?"

"ನಾನು ಓದ್ತಿರೋಳು ಹೇಳ್ತಿದೀನಲ್ಲ."

ಮಾರನೇ ದಿನದಿಂದ ಬಟ್ಟೆ ಹೋಯಿತು. ಬಸ್‌ಸ್ಟಾಪಿನ ಜ್ಯೂಸ್ ಅಂಗಡಿಯಲ್ಲಿ ಅಮ್ಮನ ಹೆಸರು ಹೇಳಿ ಐಸು ತಂದೆ. ಟ್ಯೂಬುಗಳು ಕುತ್ತಿಗೆಯವರೆಗೆ ಐಸಿನಲ್ಲಿ ಮುಳುಗಿ ಕೂತವು. ಬಸ್ಸಿನಲ್ಲಿ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕಿದರೆ ಕಂಡಕ್ಟರ್ ರೇಗುತ್ತಿದ್ದ. "ಏನಮ್ಮ, ಮೀನಾ? ವಾಸ್ನೆ ಬಂದ್ರೆ ಇಳಿಸಿಬಿಡ್ತೀನಿ ನೋಡು!" ಅವನ ಜೊತೆಗೂ ಮಾತಾಡಿ, ಇಂಜಿನ್ನಿನ ಬಿಸಿ ತಾಗದ ಹಿಂದಿನ ಸೀಟಿನಡಿ ಪೆಟ್ಟಿಗೆಗೆ ಕಾಯಂ ಜಾಗ ಮಾಡಿಸಿಕೊಂಡೆ. ಲಾಗ್ ಬುಕ್ಕಿನ ನಾಯಕತ್ವದ ಖಾನೆಯಲ್ಲಿ ಮೊದಲ ಸಲ ಕಾಪಿ ಹೊಡೆಯದೆ ಸ್ವಂತ ಒಂದು ಸಾಲು ಬರೆದೆ: 'ಮಾದರಿಗಳ ಸಾಗಣೆಯಲ್ಲಿ ಸುಧಾರಣೆ ತಂದೆ.' ನಾಗರಾಜ್ ಸರ್ ಅದಕ್ಕೂ ಫೋನಿನಲ್ಲಿ ಮಾತಾಡುತ್ತಲೇ ಸೈನ್ ಹಾಕಿದರು.

ನಾನು ಒಂಬತ್ತೂವರೆಗೆ ಲ್ಯಾಬಿಗೆ ಮುಟ್ಟಿಸಿದ ಪೆಟ್ಟಿಗೆಯನ್ನು ಮಧ್ಯಾಹ್ನ ಎರಡು ಗಂಟೆಯ ಮುಂಚೆ ಯಾರೂ ತೆರೆಯುತ್ತಿರಲಿಲ್ಲ. ಮೊದಲು ವಾರ್ಡಿನವು, ಆಮೇಲೆ ಹೊರರೋಗಿಗಳವು, ಕೊನೆಗೆ ಭದ್ರಾವತಿಯವು. ಅಲ್ಲಿಯವರೆಗೂ ಐಸಿನಲ್ಲೇ.

ನಮ್ಮ ಮನೆಯಿಂದ ಮೂರನೇ ಮನೆ ಸರೋಜಕ್ಕನದು. ಟೈಲರ್. ಜನ್ನಾಪುರದ ಅರ್ಧ ಹೆಂಗಸರ ರವಿಕೆಯ ಅಳತೆ ಅವರ ಬಾಯಲ್ಲೇ ಇರುತ್ತಿತ್ತು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸ್ವಲ್ಪ ಸೋತಿತ್ತು, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಸೆಂಟರಿನಲ್ಲಿ ಪರೀಕ್ಷೆಗೆ ರಕ್ತ ಕೊಡಬೇಕಿತ್ತು. ಆ ಬೇಸಿಗೆಯಲ್ಲಿ ಅವರ ಪೊಟ್ಯಾಸಿಯಂ ಇದ್ದಕ್ಕಿದ್ದ ಹಾಗೆ ಏರತೊಡಗಿತು. ರಕ್ತದಲ್ಲಿ ಅದು ಮಿತಿ ಮೀರಿದರೆ ಹೃದಯ ನಿಂತುಹೋಗಬಹುದು. ಡಾಕ್ಟರು ಎಳನೀರು ಬಿಡಿಸಿದರು, ಬಾಳೆಹಣ್ಣು ಬಿಡಿಸಿದರು, ತರಕಾರಿಯನ್ನು ಬೇಯಿಸಿ ನೀರು ಚೆಲ್ಲಿ ತಿನ್ನಿ ಎಂದರು, ಮರಳಿನಂಥ ಒಂದು ಪುಡಿಯನ್ನು ನೀರಲ್ಲಿ ಕಲಸಿ ಕುಡಿಸಿದರು. ಮತ್ತೆ ರಕ್ತ ಕೊಟ್ಟರೆ ಮತ್ತೂ ಜಾಸ್ತಿ.

ಸರೋಜಕ್ಕ ಸೊರಗಿಹೋದರು. ಹೊಲಿಗೆ ಮೆಷಿನ್ ಮುಂದೆ ಕೂರುವುದನ್ನು ಬಿಟ್ಟರು. ಮದುವೆ ಸೀಸನ್ನಿನ ಬಟ್ಟೆಗಳನ್ನು ಅಳತೆ ಚೀಟಿ ಸಮೇತ ವಾಪಸ್ ಕೊಟ್ಟರು.

"ಇನ್ನೊಂದ್ ಸಲ ಹಿಂಗೇ ಬಂದ್ರೆ ಅಡ್ಮಿಟ್ ಅಂತೆ ಕಣೇ. ಕುತ್ತಿಗೆಗೆ ಪೈಪ್ ಹಾಕಿ ಡಯಾಲಿಸಿಸ್ ಮಾಡ್ತಾರಂತೆ," ಎಂದು ನನ್ನ ಕೈ ಹಿಡಿದುಕೊಂಡರು. "ನೀನು ಅಲ್ಲೇ ಇರ್ತೀಯಲ್ಲ, ಸ್ವಲ್ಪ ನೋಡೇ ಮಾರಾಯ್ತಿ."

ನೋಡಿದೆ. ನಾಗರಾಜ್ ಸರ್‌ಗೂ ಹೇಳಿದೆ. "ಪಥ್ಯ ಮಾಡ್ತಿರಲ್ಲ. ಕದ್ದು ಬಾಳೆಹಣ್ಣು ತಿಂತಿರ್ತಾರೆ. ಎಲ್ಲಾ ಪೇಷಂಟ್‌ಗಳದ್ದೂ ಇದೇ ಕಥೆ," ಅಂದರು. ನನಗೆ ಮೈ ಉರಿಯಿತು. ಬೆಂದ ತರಕಾರಿಯ ನೀರನ್ನು ಮಗುವಿನ ಔಷಧಿ ಅಳೆದ ಹಾಗೆ ಅಳೆದು ಚೆಲ್ಲುತ್ತಿದ್ದ ಹೆಂಗಸನ್ನು ನಾನು ಕಣ್ಣಾರೆ ಕಂಡಿದ್ದೆ. ಒಂದು ಅಂಕಿ ಹೊಂದದಿದ್ದರೆ ಮೆಷಿನ್ನನ್ನು ಕೇಳುವುದಿಲ್ಲ, ಮಾದರಿಯನ್ನು ಕೇಳುವುದಿಲ್ಲ, ಮೊದಲು ರೋಗಿಯನ್ನು ಸುಳ್ಳುಗಾರ್ತಿ ಮಾಡುತ್ತಾರೆ. ಈ ಕೆಲಸಕ್ಕೆ ಬರುವವರು ಇದೊಂದನ್ನು ಬರೆದಿಟ್ಟುಕೊಳ್ಳಿ. ರಿಪೋರ್ಟೂ ರೋಗಿಯೂ ಬೇರೆ ಬೇರೆ ಮಾತಾಡಿದರೆ, ಮೊದಲು ರಿಪೋರ್ಟನ್ನೇ ನಿಲ್ಲಿಸಿ ಕೇಳಬೇಕು.

ಮೇ ತಿಂಗಳಲ್ಲಿ ಸರೋಜಕ್ಕ ಶಿವಮೊಗ್ಗದ ಗೋಪಾಳದಲ್ಲಿದ್ದ ತಂಗಿ ಮನೆಗೆ ಬಂದಿದ್ದರು. ಹಾಗೇ ನಮ್ಮ ಲ್ಯಾಬಿಗೆ ಬಂದು ರಕ್ತ ಕೊಟ್ಟರು. ಅಂದು ಪೊಟ್ಯಾಸಿಯಂ ನೆಟ್ಟಗಿತ್ತು. "ನೋಡಿದ್ಯಾ, ಪಥ್ಯ ಮಾಡಿದ್ರೆ ಇಳಿಯುತ್ತೆ," ಅಂದರು ಸರ್. ಆದರೆ ಡಾಕ್ಟರಿಗೆ ಒಂದೇ ರಿಪೋರ್ಟಿನಿಂದ ನೆಮ್ಮದಿಯಾಗಲಿಲ್ಲ, ಇನ್ನೊಮ್ಮೆ ಕೊಡಿ ಎಂದರು. ಬುಧವಾರ ಭದ್ರಾವತಿಯಲ್ಲೇ ಕೊಟ್ಟರು. ಗುರುವಾರದ ರಿಪೋರ್ಟಿನಲ್ಲಿ ಹಿಂದೆಂದಿಗಿಂತ ಜಾಸ್ತಿ. ಸೋಮವಾರ ಬಂದು ಅಡ್ಮಿಟ್ ಆಗಿ ಎಂದು ಡಾಕ್ಟರ್ ಚೀಟಿ ಬರೆದರು.

ಅವತ್ತು ಸಂಜೆ ಅಮ್ಮ ಬಾಡಿದ ಸೇವಂತಿಗೆ ಆರಿಸುತ್ತಾ ಬೈಯುತ್ತಿದ್ದಳು. "ಇವತ್ತಿನ ಲೋಡೇ ಸರಿ ಇಲ್ಲ. ಒಂದ್ ಮಾರಾದ್ರೆ ಹೂವಿನ ತಪ್ಪು ಅನ್ಬೋದು. ಪೂರ್ತಿ ಬುಟ್ಟಿ ಹಿಂಗಿದ್ರೆ ತಂದೋನ್ನ ಹಿಡೀಬೇಕು."

ತಂದವಳು ನಾನು.

ಶುಕ್ರವಾರ ಬೆಳಿಗ್ಗೆ ಲ್ಯಾಬಿಗೆ ಹೋದವಳೇ ರಿಜಿಸ್ಟರ್ ಹಿಡಿದು ಕೂತೆ. ಸರೋಜಕ್ಕನ ಹೆಸರನ್ನು ಬಿಟ್ಟು ಭದ್ರಾವತಿಯ ಉಳಿದ ಹೆಸರುಗಳನ್ನು ನೋಡಿದೆ. ಮೂಳೆ ನೋವಿನವರು, ಥೈರಾಯ್ಡಿನವರು, ಗಟ್ಟಿಮುಟ್ಟಾದ ಆಳುಗಳು. ಹೆಚ್ಚುಕಡಿಮೆ ಎಲ್ಲರ ಪೊಟ್ಯಾಸಿಯಮ್ಮೂ ಮೇಲಿನ ಗೆರೆ ಮುಟ್ಟಿತ್ತು, ಇಲ್ಲವೇ ದಾಟಿತ್ತು. ಕಿಡ್ನಿ ಚೆನ್ನಾಗಿದ್ದವರದು ಸ್ವಲ್ಪ ದಾಟಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲೇ ಗೆರೆಯ ಹತ್ತಿರವಿದ್ದ ಸರೋಜಕ್ಕನದು ಮಾತ್ರ ಕುತ್ತಿಗೆಯ ಪೈಪಿನವರೆಗೆ ಹೋಗಿತ್ತು. ಅಷ್ಟೂ ವಾರ ಆ ಮೆಷಿನ್ ಮುಂದೆ ಕೂತವಳು ನಾನೇ. ಚೌಕಾಸಿ ಮಾಡಿ ಗಿಟ್ಟಿಸಿಕೊಂಡ ಸೀಟು. ಒಂದೊಂದೇ ಅಂಕಿ ಬರೆದೆನೇ ಹೊರತು ಒಂದು ದಿನವೂ ಇಡೀ ಪುಟವನ್ನು ಒಟ್ಟಿಗೆ ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಸೆಂಟರಿಗೆ ಹೋಗಿ ಸಿದ್ದೇಶಣ್ಣನ ಮುಂದೆ ಕೈ ಚಾಚಿದೆ. "ಒಂದೇ ಸಲ ಚುಚ್ಚಿ, ಎರಡು ಟ್ಯೂಬಿಗೆ ಹಾಕಿ."

"ಏನಾಯ್ತಮ್ಮ, ಹುಷಾರಿಲ್ವಾ?"

"ಹುಷಾರಿದೀನಿ. ಅದನ್ನೇ ನೋಡ್ಬೇಕು."

ಒಂದು ಟ್ಯೂಬು ಐಸಿನಲ್ಲಿ, ಇನ್ನೊಂದು ಹಳೆಯ ಹಾಗೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಬ್ಯಾಗಿನಲ್ಲಿ ಊಟವಿಲ್ಲದ ಕಡೆ. ಎರಡನ್ನೂ ಮಧ್ಯಾಹ್ನ ಎರಡು ಗಂಟೆಯವರೆಗೆ ಹಾಗೇ ಬಿಟ್ಟೆ. ಆಮೇಲೆ ಲ್ಯಾಬಿನ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದೆ. ಎರಡರಲ್ಲೂ ತಿಳಿನೀರು ಒಂದೇ ಬಣ್ಣ. ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ಮೆಷಿನ್ನಿಗೆ ಹಾಕಿದೆ. ಬಟ್ಟೆಯ ಟ್ಯೂಬು ನಾಲ್ಕು ಚಿಲ್ಲರೆ ತೋರಿಸಿತು, ಐದರೊಳಗಿದ್ದರೆ ಸರಿ. ಐಸಿನದು ಐದೂವರೆ ದಾಟಿತು. ಒಂದೇ ತೋಳು, ಒಂದೇ ಸೂಜಿ, ಒಂದೇ ಹೊತ್ತು.

ಪುಸ್ತಕ ತೆಗೆದೆ. ಮೊದಲ ವರ್ಷದಲ್ಲೇ ಓದಿ, ಪರೀಕ್ಷೆಯಲ್ಲಿ ಬರೆದು, ಮಾರ್ಕ್ಸು ತೆಗೆದುಕೊಂಡ ಪಾಠ. ಕಣಗಳ ಒಳಗಿರುವ ಪೊಟ್ಯಾಸಿಯಮ್ಮನ್ನು ಒಳಗೇ ಹಿಡಿದಿಡುವ ಶಕ್ತಿ ಚಳಿಗೆ ಕುಂದುತ್ತದೆ. ಬೇರ್ಪಡಿಸದ ರಕ್ತವನ್ನು ಐಸಿನಲ್ಲಿಟ್ಟರೆ ಪೊಟ್ಯಾಸಿಯಂ ಮೆಲ್ಲಗೆ ಹೊರಗಿನ ನೀರಿಗೆ ಸೋರುತ್ತದೆ. ಸಿದ್ದೇಶಣ್ಣ ಹಾಸುತ್ತಿದ್ದ ಆ ದಪ್ಪ ಬಟ್ಟೆ ಇದ್ದದ್ದೇ ಅದಕ್ಕೆ. ಯಾರೋ ತಿಳಿದವರು ಯಾವಾಗಲೋ ಹಾಕಿಸಿದ ಬಟ್ಟೆ. ಅದನ್ನು ತೆಗೆಸಿದವಳು ಓದ್ತಿರೋಳು.

ಮೂರು ತಿಂಗಳಿಂದ ನಾನು ಎಲ್ಲರ ಮೇಲೂ ಉರಿದುಬಿದ್ದಿದ್ದೆ. ರಿಪೇರಿ ಮಾಡಿಸದ ಆಡಳಿತದ ಮೇಲೆ, ಪೆಟ್ಟಿಗೆ ಹೊರಿಸಿದ ಸರ್ ಮೇಲೆ, ಪೆಟ್ಟಿಗೆಯನ್ನು ಮಧ್ಯಾಹ್ನದವರೆಗೆ ಮೂಲೆಗೆ ತಳ್ಳುವ ಲ್ಯಾಬಿನ ಮೇಲೆ. ಆ ಉರಿಯಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ಆದರೆ ಐಸು ನನ್ನದು.

ಅಲ್ಲೇ ಕೂತು ಲಾಗ್ ಬುಕ್ ಬರೆದೆ. ಈ ಬೇಸಿಗೆಯಲ್ಲಿ ಭದ್ರಾವತಿಯಿಂದ ಎಂದು ಶುರುಮಾಡಿ, ಐಸ್ ಹಾಕಲು ಸಿದ್ದೇಶಣ್ಣನಿಗೆ ಹೇಳಿದ್ದು ನಾನೇ ಎಂದು ಮೊದಲು ಬರೆದು, ಅದರ ಕೆಳಗೆ ಕೆಟ್ಟ ಸೆಂಟ್ರಿಫ್ಯೂಜನ್ನು, ಅದರ ಕೆಳಗೆ ಎರಡು ಗಂಟೆಯವರೆಗೆ ಕಾಯುವ ಪೆಟ್ಟಿಗೆಯನ್ನು ಬರೆದೆ. ಎರಡು ರಿಸಲ್ಟಿನ ಚೀಟಿಗಳನ್ನೂ ಅಂಟಿಸಿ ನಾಗರಾಜ್ ಸರ್ ಮುಂದೆ ಇಟ್ಟೆ. ಓದಿ ಸರ್, ಎಂದೆ. ಮೊದಲ ಬಾರಿಗೆ ಅವರು ಫೋನ್ ಕೆಳಗಿಟ್ಟು ಓದಿದರು.

"ಇದನ್ನ ಹರಿದುಹಾಕು."

"ಸರ್, ಸೋಮವಾರ ಸರೋಜಕ್ಕ ಅಡ್ಮಿಟ್ ಆಗ್ತಾರೆ. ನೀವು ಡಾಕ್ಟರಿಗೆ ಈಗ್ಲೇ ಫೋನ್ ಮಾಡ್ಬೇಕು."

"ಫೋನ್ ಮಾಡಿ ಏನನ್ಲಿ? ಮೂರು ತಿಂಗ್ಳು ತಪ್ಪು ರಿಪೋರ್ಟ್ ಕೊಟ್ವಿ ಅನ್ಲಾ? ನನ್ನ ಕೆಲ್ಸ ಉಳಿಯುತ್ತಾ?" ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ ದನಿ ತಗ್ಗಿಸಿದರು. "ನೋಡು, ಬೇರೆ ತರ ಬರಿ. ಸಿದ್ದೇಶ ಯಾರನ್ನೂ ಕೇಳದೆ ಐಸ್ ಹಾಕಿದ್ದ, ನೀನು ಕಂಡುಹಿಡಿದೆ ಅಂತ ಬರಿ. ಇವತ್ತೇ ಸೈನ್ ಹಾಕ್ತೀನಿ, ಒಳ್ಳೇ ರಿಮಾರ್ಕೂ ಬರೀತೀನಿ. ಅವನ ಜಾಗಕ್ಕೆ ಬೇರೆಯವರನ್ನ ತಗೊಳ್ಳೋಣ."

ನಿಜ ಹೇಳುತ್ತೇನೆ, ಆ ಬೆಲೆ ಕೇಳಿ ಒಂದು ಕ್ಷಣ ನನ್ನ ಪಾದ ತಡೆಯಿತು. ಸರ್ಟಿಫಿಕೇಟು ಕೈಗೆ ಬರುತ್ತಿತ್ತು. ಸಿದ್ದೇಶಣ್ಣನ ಮಾತನ್ನು ಕೇಳುವವರು ಯಾರೂ ಇರಲಿಲ್ಲ. ಒಂದು ಹೆಸರಿನ ಜಾಗದಲ್ಲಿ ಇನ್ನೊಂದು ಹೆಸರು, ಅಷ್ಟೇ. ಆಮೇಲೆ 'ಹಂಗೆ ಮಾಡಬೋದಾ?' ಎಂದು ಅವರು ಕೇಳಿದ್ದು ನೆನಪಾಯಿತು. ಕೇಳದೆ ಮಾಡಿದವರಲ್ಲ ಅವರು. ಕೇಳಿಯೇ ಮಾಡಿದ್ದರು, ನನ್ನನ್ನು.

ಚೌಕಾಸಿಗೆ ಕೂತಾಗ ಮೊದಲು ಗೊತ್ತಿರಬೇಕಾದ್ದು, ನಾವು ಕೊಳ್ಳಲು ಬಂದದ್ದು ಏನು ಎಂಬುದು. ನಾನು ಸರ್ ಅವರನ್ನು ಸೋಲಿಸಲು ಬಂದಿರಲಿಲ್ಲ. ನನಗೆ ಬೇಕಾದ್ದು ಒಂದು ಫೋನ್ ಕಾಲು. ಉಳಿದದ್ದನ್ನೆಲ್ಲ ಬಿಟ್ಟುಕೊಡಬಹುದಿತ್ತು.

"ಸರ್, ಪುಟ ಹರಿಯಲ್ಲ. ತಪ್ಪನ್ನ ಸಿದ್ದೇಶಣ್ಣನ ಮೇಲೂ ಹಾಕಲ್ಲ," ಅಂದೆ. "ಆದ್ರೆ ಅದರ ಕೆಳಗೆ ನೀವು ಬರೀರಿ. ಟ್ರೈನಿ ತಪ್ಪು ಹೇಳ್ಕೊಂಡಳು, ನಾನು ತಕ್ಷಣ ಡಾಕ್ಟರಿಗೆ ತಿಳಿಸಿ, ಸಾಗಣೆ ಸರಿಪಡಿಸಿದೆ ಅಂತ. ತಪ್ಪು ನಂದು, ಸರಿ ಮಾಡಿದ್ದು ನಿಮ್ಮದು. ನಾಳೆ ಯಾರು ಕೇಳಿದ್ರೂ ಈ ಪುಟ ನಿಮ್ಮನ್ನ ಕಾಯುತ್ತೆ. ಹರಿದ್ರೆ, ಸೋಮವಾರ ಕುತ್ತಿಗೆಗೆ ಪೈಪ್ ಹಾಕಿದ್ಮೇಲೆ ಇದು ಹೊರಗೆ ಬಂದ್ರೆ, ಏನು ಕಾಯುತ್ತೆ ಸರ್?"

"ಹೆದರಿಸ್ತಿದೀಯಾ?"

"ಇಲ್ಲ ಸರ್. ವ್ಯಾಪಾರ ಮಾತಾಡ್ತಿದೀನಿ."

ಅವರೂ ಕೆಟ್ಟವರಲ್ಲ. ಇನ್ನಿಬ್ಬರು ಟೆಕ್ನೀಷಿಯನ್ ಕೊಡಿ ಎಂದು ಕೇಳಿ ಕೇಳಿ ಬಾಯಿ ಸೋತವರು. ತಮ್ಮ ಮೇಲಿನವರಿಗೆ ಹೆದರುತ್ತಿದ್ದದ್ದನ್ನೇ ನಮ್ಮ ಮೇಲೆ ಇಳಿಸುತ್ತಿದ್ದರು. ಪುಟವನ್ನು ಇನ್ನೊಮ್ಮೆ ಓದಿದರು. ಆಮೇಲೆ ಡಾಕ್ಟರಿಗೆ ನನ್ನೆದುರೇ ಫೋನ್ ಹಚ್ಚಿದರು. ಭಾನುವಾರ ಸರೋಜಕ್ಕ ಶಿವಮೊಗ್ಗಕ್ಕೇ ಬಂದು ರಕ್ತ ಕೊಟ್ಟರು, ತಕ್ಷಣ ತಿರುಗಿಸಿ ನೋಡಿದೆವು. ನೆಟ್ಟಗಿತ್ತು. ಸೋಮವಾರದ ಅಡ್ಮಿಷನ್ ರದ್ದಾಯಿತು. ಹದಿನೈದು ದಿನದಲ್ಲಿ ಸೆಂಟ್ರಿಫ್ಯೂಜೂ ರಿಪೇರಿಯಾಯಿತು. ಅಲ್ಲಿಯವರೆಗೂ ರಿಪೇರಿಯವನು ಸಿಕ್ಕಿರಲಿಲ್ಲವಂತೆ.

ಸಿದ್ದೇಶಣ್ಣನಿಗೆ ಹೇಳಿದಾಗ ಅವರು ಏನೂ ಬೈಯಲಿಲ್ಲ. ಕಪಾಟಿನಿಂದ ಆ ದಪ್ಪ ಬಟ್ಟೆ ತೆಗೆದು, ಒದರಿ, ಪೆಟ್ಟಿಗೆಯಲ್ಲಿ ಹಾಸಿದರು.

ಸರೋಜಕ್ಕನಿಗೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಅವರು ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಾ ಕೂತಿದ್ದರು. ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ನನಗೆ ಏನೂ ಆಗಿರ್ಲಿಲ್ಲ?"

"ಇಲ್ಲ ಸರೋಜಕ್ಕ."

"ಐಸ್ ಹಾಕು ಅಂದೋಳು ನೀನು?"

"ಹೌದು."

"ನನ್ನ ಮುಂದೇನೇ ಕೂತ್ಕೊಂಡು, ಎಳನೀರು ಕುಡೀಬೇಡಿ ಅಕ್ಕ, ಪುಡಿ ತಪ್ಪಿಸ್ಬೇಡಿ ಅಕ್ಕ ಅಂತ ಬುದ್ಧಿ ಹೇಳ್ದೆಯಲ್ಲೇ! ನಾನು ಸತ್ತೇಹೋಗ್ತೀನಿ ಅಂತ ಮಗಳಿಗೆ ಬೀರು ಬೀಗದ ಕೈ ಕೊಟ್ಟಿದ್ದೆ ಕಣೇ. ಎದ್ದು ಹೋಗು."

ಎದ್ದು ಹೋದೆ. ದೀಪಾವಳಿಯವರೆಗೂ ಅವರು ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟು ಮಾಡಿಕೊಳ್ಳುವ ಹಕ್ಕು ಆ ಬೇಸಿಗೆಯಲ್ಲಿ ಯಾರಿಗಾದರೂ ಪೂರ್ತಿ ಇದ್ದರೆ ಅದು ಅವರಿಗೆ. ನನ್ನದೆಲ್ಲ ಅರ್ಧಂಬರ್ಧ.

ಆಮೇಲಿನದು ಕೇಳಿದರೆ ನಿಮಗೂ ಉರಿಯುತ್ತದೆ. ಆಸ್ಪತ್ರೆಯ ವಾರ್ಷಿಕ ಸಭೆಯಲ್ಲಿ ನಾಗರಾಜ್ ಸರ್‌ಗೆ ಶಾಲು ಹೊದಿಸಿದರು. ಸಾಗಣೆ ಸುಧಾರಣೆಗಾಗಿ, ನಾಯಕತ್ವಕ್ಕಾಗಿ. ನಾನು ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಸಿದ್ದೇಶಣ್ಣನನ್ನು ಕರೆದೇ ಇರಲಿಲ್ಲ. ನಾನೇ ಮಾಡಿದ ವ್ಯಾಪಾರ, ನಾನೇ ಬಿಟ್ಟುಕೊಟ್ಟ ಸರಕು, ಗೊಣಗುವ ಹಾಗಿಲ್ಲ. ಆದರೂ ಗೊಣಗಿದೆ. ಕಾಲೇಜಿನವರು ನನ್ನ ಪುಟವನ್ನು ತರಗತಿಯಲ್ಲಿ ಓದಿಸಿ, ಬರೆದರೆ ಹೀಗೆ ಬರೆಯಬೇಕು ಎಂದರಂತೆ.

ಹಾಗೆಂದರೆ ಏನಾಗುತ್ತದೆ ಎಂದು ನನಗೆ ಹೋದ ವಾರದವರೆಗೂ ಹೊಳೆದಿರಲಿಲ್ಲ.

ಕಾವ್ಯಳನ್ನು ಕರೆದೆ. ಪುಟವನ್ನು ಅವಳ ಕಡೆ ತಿರುಗಿಸಿದೆ.

"ಇದನ್ನ ಯಾರು ಬರೆದಿದ್ದು?"

"ನಾನೇ ಮೇಡಂ."

"ಸಿದ್ದೇಶಣ್ಣ ಅಂದ್ರೆ ಯಾರು?"

ಅವಳು ಮೇಲೆ ಕೆಳಗೆ ನೋಡಿದಳು. "ಪೇಷಂಟಾ ಮೇಡಂ?"

ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಅವಳೇ ಸಮಾಧಾನ ಹೇಳಿದಳು. "ಇದು ಐಸ್ ಪೇಜ್ ಮೇಡಂ. ಜೆರಾಕ್ಸ್ ಅಂಗಡೀಲಿ ಸಿಗುತ್ತೆ. ಎಲ್ಲಾ ಬ್ಯಾಚಿನವ್ರೂ ಮೂರನೇ ತಿಂಗಳಿಗೆ ಇದನ್ನೇ ಹಾಕೋದು. ತಪ್ಪು ಒಪ್ಕೊಂಡ ಹಾಗೆ ಇರುತ್ತಲ್ಲ, ಯಾರೂ ಕ್ವೆಶ್ಚನ್ ಕೇಳಲ್ಲ."

ಅದನ್ನು ಬರೆದವಳು ಯಾರು ಎಂದು ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಅರ್ಧ ಗಂಟೆ ಬುದ್ಧಿ ಹೇಳುವ ಉಮೇದು ನನಗೆ ಬಂದಿತ್ತು. ಆದರೆ ಹೊರಗೆ ಮಾದರಿಗಳು ಕಾಯುತ್ತಿದ್ದವು.

"ವ್ಯಾಪಾರ ಮಾತಾಡೋಣ," ಎಂದೆ. "ಇದಕ್ಕೆ ನಾನು ಸೈನ್ ಹಾಕಲ್ಲ. ಹೊಸ ಪುಟದಲ್ಲಿ ನಾಲ್ಕೇ ಸಾಲು ಬರಿ, ನಿಂದು, ಈ ವಾರದ್ದು. ಏನು ಬರೆದ್ರೂ ಸೈನ್ ಹಾಕ್ತೀನಿ."

"ಏನು ಬರೆದ್ರೂನಾ?"

"ಏನು ಬರೆದ್ರೂ."

ಅವಳು ಖಾಲಿ ಪುಟವನ್ನು ನನ್ನ ಮುಂದೆ ಸರಿಸಿದಳು. "ಹಾಗಾದ್ರೆ ಮೊದ್ಲು ಸೈನ್ ಹಾಕಿ ಮೇಡಂ. ಆಮೇಲೆ ಬರೀತೀನಿ."

ಇಷ್ಟು ವರ್ಷದಲ್ಲಿ ನನ್ನೊಡನೆ ಹೀಗೆ ಚೌಕಾಸಿ ಮಾಡಿದವರು ಇಲ್ಲ. ಖಾಲಿ ಪುಟದ ಕೆಳಗೆ ಸೈನ್ ಹಾಕಿ ಕೊಟ್ಟೆ. ಅವಳು ಹೊರಗೆ ಹೋಗಿ ಹತ್ತು ನಿಮಿಷದಲ್ಲಿ ತಂದಿಟ್ಟಳು.

'ಸೋಮವಾರ ಬೆಳಿಗ್ಗೆ ಕೆಮಿಕಲ್ ಇಡುವ ಫ್ರಿಜ್ಜಿನ ಥರ್ಮಾಮೀಟರ್ ಹನ್ನೆರಡು ತೋರಿಸುತ್ತಿತ್ತು. ಎಂಟು ದಾಟಬಾರದು ಎಂದು ನನಗೆ ಗೊತ್ತು. ಹೇಳಲು ಮೇಡಂ ರೂಮಿಗೆ ಹೋದೆ, ಮೇಡಂ ಯಾರಿಗೋ ಸಲಹೆ ಕೊಡುತ್ತಿದ್ದರು, ಬಹಳ ಹೊತ್ತಾದರೂ ಮುಗಿಯಲಿಲ್ಲ. ವಾಪಸ್ ಬಂದು ಪಟ್ಟಿಯಲ್ಲಿ ಆರು ಎಂದು ಬರೆದೆ, ಅಂದಿನಿಂದ ದಿನಾ ಆರು ಎಂದೇ ಬರೆಯುತ್ತಿದ್ದೇನೆ.'

ಕೆಳಗೆ ನನ್ನ ಸೈನು ಆಗಲೇ ಇತ್ತು.

ಬಾಯಿಗೆ ಬಂದ ಮಾತು ಒಂದೆರಡಲ್ಲ. ಸೋಮವಾರವೇ ಯಾಕೆ ಒಳಗೆ ನುಗ್ಗಿ ಹೇಳಲಿಲ್ಲ ಎಂಬುದರಿಂದ ಹಿಡಿದು, ಸುಳ್ಳು ಅಂಕಿಯಿಂದ ಏನೇನಾಗುತ್ತದೆ ಎಂಬುದರವರೆಗೆ. ಕಾವ್ಯ ಬೈಗುಳಕ್ಕೆ ಸಿದ್ಧಳಾಗಿ, ಭುಜ ಗಟ್ಟಿ ಮಾಡಿಕೊಂಡು ನಿಂತಿದ್ದಳು.

ಕುರ್ಚಿಯಿಂದ ಎದ್ದೆ.

"ಆ ಫ್ರಿಜ್ ತೋರ್ಸು," ಎಂದೆ.

ಅವಳು ಮುಂದೆ ನಡೆದಳು. ನಾನು ಹಿಂದೆ.